ಮೂರೇ ವಾರ ಇದೆ, 200 ಕಿ.ಮೀ. ಸೈಕಲ್ ತುಳಿಯಬಹುದಾ?

ಸಾಮಾನ್ಯವಾಗಿ ಹೀಗೇ ಶುರುವಾಗುತ್ತೆ. ಆಫೀಸಿನ ಸೈಕ್ಲಿಂಗ್ ಗ್ರೂಪಿನಲ್ಲಿ ಯಾರೋ ಒಂದು ಲಿಂಕ್ ಹಾಕ್ತಾರೆ. ರಾತ್ರಿ ಹನ್ನೊಂದು ಗಂಟೆಗೆ, ರಿಲೀಸ್ ಮುಗಿದ ಖುಷಿಯಲ್ಲೋ ತಲೆನೋವಿನಲ್ಲೋ, ನೀವು ಹೆಸರು ಕೊಟ್ಟು ದುಡ್ಡು ಕಟ್ಟಿಬಿಡ್ತೀರಿ. ಬೆಳಿಗ್ಗೆ ಎದ್ದು ಕ್ಯಾಲೆಂಡರ್ ನೋಡಿದರೆ ಉಳಿದಿರೋದು ಮೂರೇ ವಾರ. ಇದುವರೆಗೆ ಒಂದೇ ದಿನದಲ್ಲಿ ತುಳಿದಿರೋದು ಹೆಚ್ಚೆಂದರೆ 50 ಕಿಲೋಮೀಟರ್. ಮುಂದಿರೋದು 200.

ಕಳೆದ ನಾಲ್ಕೈದು ವರ್ಷದಲ್ಲಿ ಈ ಪ್ರಶ್ನೆಯನ್ನು ನನಗೆ ಕೇಳಿದವರು ಬಹಳ ಜನ. ನಾನು ಕೋಚ್ ಅಲ್ಲ, ಡಾಕ್ಟರೂ ಅಲ್ಲ. ದಿನಕ್ಕೆ ಒಂಬತ್ತು ಗಂಟೆ ಕುರ್ಚಿಯಲ್ಲಿ ಕೂತು ಕೋಡ್ ಬರೆಯೋ, ವಾರಾಂತ್ಯದಲ್ಲಿ ದೂರದ ಸವಾರಿ ಹೋಗೋ ಮನುಷ್ಯ. ಆದರೆ ನಮ್ಮಂಥವರ ತೊಂದರೆ ಏನು ಅಂತ ಚೆನ್ನಾಗಿ ಗೊತ್ತು: ಸಮಯ ಇಲ್ಲ, ಹುಮ್ಮಸ್ಸು ಜಾಸ್ತಿ.

ಮೊದಲು, ಇದೇನು ಅಂತ ತಿಳಿಯೋಣ

ಈ ಸವಾರಿಗಳಿಗೆ 'ಬ್ರೆವೆ' ಅಂತಾರೆ. ಫ್ರೆಂಚ್ ಪದ. ಇದು ರೇಸ್ ಅಲ್ಲ. ಮೊದಲು ಬಂದವರಿಗೂ ಕೊನೆಗೆ ಬಂದವರಿಗೂ ಒಂದೇ ಮರ್ಯಾದೆ. ಗೊತ್ತುಪಡಿಸಿದ ದಾರಿಯಲ್ಲಿ, ಗೊತ್ತುಪಡಿಸಿದ ಸಮಯದೊಳಗೆ, ನಿಮ್ಮ ಪಂಕ್ಚರ್ ನೀವೇ ಹಾಕಿಕೊಂಡು, ನಿಮ್ಮ ಊಟ ನೀವೇ ಹುಡುಕಿಕೊಂಡು ಮುಗಿಸಬೇಕು. ಹಿಂದೆ ಕಾರಿನಲ್ಲಿ ಯಾರೂ ಬರೋ ಹಾಗಿಲ್ಲ. ನಡುನಡುವೆ 'ಕಂಟ್ರೋಲ್' ಅನ್ನೋ ತಾಣಗಳಿರುತ್ತವೆ. ಅಲ್ಲಿಗೆ ಬಂದಿದ್ದಕ್ಕೆ ಕಾರ್ಡಿನಲ್ಲಿ ಮುದ್ರೆ ಅಥವಾ ಬೇರೆ ಪುರಾವೆ ಬೇಕು.

200 ಕಿ.ಮೀ.ಗೆ 13 ಗಂಟೆ 30 ನಿಮಿಷ, 300ಕ್ಕೆ 20 ಗಂಟೆ, 400ಕ್ಕೆ 27 ಗಂಟೆ, 600ಕ್ಕೆ 40 ಗಂಟೆ. ಈ ನಾಲ್ಕನ್ನೂ ಒಂದೇ ವರ್ಷದಲ್ಲಿ ಮುಗಿಸಿದವರನ್ನು 'ಸೂಪರ್ ರಾಂಡೊನರ್' ಅಂತಾರೆ. ಈ ಪರಂಪರೆಯ ದೊಡ್ಡ ಜಾತ್ರೆ ಅಂದರೆ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್. 1891ರಲ್ಲಿ ರೇಸ್ ಆಗಿ ಶುರುವಾಗಿದ್ದು, ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತೆ. ಸುಮಾರು 1200 ಕಿ.ಮೀ., ಹೆಚ್ಚೆಂದರೆ 90 ಗಂಟೆ. 2023ರಲ್ಲಿ ನಡೆದಿತ್ತು, ಮುಂದಿನದು 2027ಕ್ಕೆ. ಬೆಂಗಳೂರು, ಹುಬ್ಬಳ್ಳಿ ಸೇರಿ ನಮ್ಮ ರಾಜ್ಯದ ಕ್ಲಬ್‌ಗಳು ನಡೆಸುವ 200 ಕಿ.ಮೀ. ಸವಾರಿ ಈ ಏಣಿಯ ಮೊದಲ ಮೆಟ್ಟಿಲು.

ಒಂದು ಸಣ್ಣ ಲೆಕ್ಕ

13 ಗಂಟೆ 30 ನಿಮಿಷ ಅಂದರೆ 810 ನಿಮಿಷ. ನೀವು ಚಲಿಸುವಾಗ ಗಂಟೆಗೆ ಸರಾಸರಿ 18 ಕಿ.ಮೀ. ಹೋಗ್ತೀರಿ ಅಂದುಕೊಳ್ಳಿ. 200 ಕಿ.ಮೀ.ಗೆ ಸುಮಾರು 667 ನಿಮಿಷ ಬೇಕು. ಉಳಿಯೋದು 143 ನಿಮಿಷ. ಇಷ್ಟರಲ್ಲೇ ತಿಂಡಿ, ಊಟ, ಟೀ, ಶೌಚ, ಪಂಕ್ಚರ್, ದಾರಿ ತಪ್ಪೋದು, ಫೋಟೋ, ಎಲ್ಲ ಆಗಬೇಕು.

20 ನಿಮಿಷದ ಹಾಗೆ ಆರು ಸಲ ನಿಂತರೆ 120 ನಿಮಿಷ ಹೋಯ್ತು. ಒಂದು ಪಂಕ್ಚರಿಗೆ 20 ನಿಮಿಷ. ಕೈಯಲ್ಲಿ ಉಳಿದಿದ್ದು 3 ನಿಮಿಷ!

ಈಗ ಇದನ್ನೇ ಬೇರೆ ಥರ ನೋಡಿ. ಆ ಆರು ನಿಲುಗಡೆಗಳನ್ನು 10 ನಿಮಿಷಕ್ಕೆ ಇಳಿಸಿದರೆ 60 ನಿಮಿಷ ಉಳಿಯುತ್ತೆ. ಇಷ್ಟೇ ಸಮಯವನ್ನು ಕಾಲಿನ ಬಲದಿಂದ ಉಳಿಸಬೇಕಾದರೆ ನೀವು 18ರ ಬದಲು ಹತ್ತಿರ ಹತ್ತಿರ 20ರ ವೇಗದಲ್ಲಿ ದಿನವಿಡೀ ತುಳಿಯಬೇಕು. ಗಂಟೆಗೆ 2 ಕಿ.ಮೀ. ವೇಗ ಮೂರು ವಾರದಲ್ಲಿ ಕಾಲಿಗೆ ಬರೋದು ಕಷ್ಟ. ಟೀ ಅಂಗಡಿಯ ಬೆಂಚಿನಿಂದ ಹತ್ತು ನಿಮಿಷ ಬೇಗ ಏಳೋದು ಇವತ್ತಿನಿಂದಲೇ ಬರುತ್ತೆ.

ನಾನು ಹೇಳಬೇಕು ಅಂದುಕೊಂಡಿರೋದು ಇದನ್ನೇ. ಮೂರು ವಾರದಲ್ಲಿ ನೀವು ಬಲಶಾಲಿ ಆಗೋದಿಲ್ಲ. ಆದರೆ ಕೂರೋದು, ತಿನ್ನೋದು, ನಿಲ್ಲೋದು, ಬೇಕಾದಾಗ ಬಿಟ್ಟು ಬರೋದು, ಈ ನಾಲ್ಕನ್ನೂ ಮೂರು ವಾರದಲ್ಲಿ ಕಲಿಯಬಹುದು. 200 ಕಿ.ಮೀ.ಗೆ ಅಷ್ಟು ಸಾಕಾಗುತ್ತೆ. ಆದರೆ ಎಲ್ಲರಿಗೂ ಅಲ್ಲ.

ಯಾರು ಹೋಗಬಾರದು

ಇದನ್ನು ಕೊನೆಯಲ್ಲಿ ಹಾಕಿದರೆ ಯಾರೂ ಓದಲ್ಲ, ಅದಕ್ಕೇ ಇಲ್ಲೇ ಹೇಳ್ತೀನಿ. ಸದ್ಯಕ್ಕೆ 50 ಕಿ.ಮೀ. ತುಳಿದು ಮಾರನೇ ದಿನ ಮಾಮೂಲಿಯಾಗಿ ಆಫೀಸಿಗೆ ಹೋಗೋಕೆ ಆಗದಿದ್ದರೆ, ಈ ಸಲ ಬೇಡ. ಮೆಟ್ಟಿಲು ಹತ್ತುವಾಗ ಎದೆ ಹಿಡಿದ ಹಾಗಾಗೋದು, ತಲೆ ಸುತ್ತೋದು, ಎದೆ ಬಡಿತ ಏರುಪೇರಾಗೋದು ಇದ್ದರೆ ಮೊದಲು ಡಾಕ್ಟರ ಹತ್ತಿರ ಹೋಗಿ. ಮನೆಯಲ್ಲಿ ಅಪ್ಪನಿಗೋ ಅಣ್ಣನಿಗೋ ಚಿಕ್ಕ ವಯಸ್ಸಿನಲ್ಲೇ ಹೃದಯದ ತೊಂದರೆ ಬಂದಿದ್ದರೆ, ನಿಮಗೆ ಏನೂ ಲಕ್ಷಣ ಇಲ್ಲದಿದ್ದರೂ ಒಮ್ಮೆ ತೋರಿಸಿಕೊಳ್ಳಿ. ಬಿಪಿ, ಶುಗರ್ ಮಾತ್ರೆ ತಗೊಳ್ಳೋರು 12 ಗಂಟೆ ಬಿಸಿಲಲ್ಲಿ ಇರೋದರ ಬಗ್ಗೆ ಡಾಕ್ಟರನ್ನು ಕೇಳಿಯೇ ಮುಂದುವರಿಯಿರಿ. ಜ್ವರ ಬಂದು ಎರಡು ವಾರ ಆಗಿಲ್ಲ ಅಂದರೂ ಬೇಡ.

ನಮ್ಮ ಗ್ರೂಪಿನ ಒಬ್ಬಳು ಹುಡುಗಿ ದುಡ್ಡು ಕಟ್ಟಿ, ಹೊಸ ಶೂಸ್ ತಗೊಂಡು, ಸವಾರಿಗೆ ಐದು ದಿನ ಇರುವಾಗ ಮಂಡಿನೋವು ಅಂತ ಹಿಂದೆ ಸರಿದಳು. 'ಇಷ್ಟು ಖರ್ಚು ಮಾಡಿ ಬಿಡ್ತೀಯಾ?' ಅಂತ ಕೇಳಿದವರೇ ಹೆಚ್ಚು. ಎರಡು ತಿಂಗಳ ನಂತರ ಅವಳು ಇನ್ನೊಂದು 200ನ್ನು ಆರಾಮಾಗಿ ಮುಗಿಸಿದಳು. ನಮ್ಮ ಗ್ರೂಪಿನಲ್ಲಿ ಆ ವರ್ಷ ಯಾರಾದರೂ ಜಾಣ ನಿರ್ಧಾರ ತಗೊಂಡಿದ್ದರೆ ಅದು ಅವಳೇ.

ಮೂರು ವಾರಾಂತ್ಯ, ಮೂರು ಕೆಲಸ

ಹೋದ ಸೀಸನ್ನಿನಲ್ಲಿ ನನ್ನ ಟೀಮಿನ ಗೆಳೆಯನೊಬ್ಬ ಶುಕ್ರವಾರ ರಾತ್ರಿ ಫೋನ್ ಮಾಡಿದ. 'ಮಗಾ, ಹೆಸರು ಕೊಟ್ಟುಬಿಟ್ಟೆ ಕಣೋ. 22 ದಿನ ಇದೆ. ಆಗುತ್ತಾ?' ಒಂದು ವರ್ಷದಿಂದ ಪ್ರತಿ ಭಾನುವಾರ 40–50 ಕಿ.ಮೀ. ತುಳಿತಿದ್ದ. ಹಾಗಾಗಿ ನೋಡೋಣ ಅಂದೆ. ನಾವು ಮಾಡಿಕೊಂಡ ಯೋಜನೆ ಇದು.

ಮೊದಲ ವಾರಾಂತ್ಯ 70 ಕಿ.ಮೀ. ಉದ್ದೇಶ ಒಂದೇ: ಎಲ್ಲೆಲ್ಲಿ ನೋವು ಬರುತ್ತೆ ಅಂತ ಕಂಡುಹಿಡಿಯೋದು. ಸೀಟು, ಅಂಗೈ, ಕತ್ತು, ಮಂಡಿ.

ಎರಡನೇ ವಾರಾಂತ್ಯ 120 ಕಿ.ಮೀ. ಬೆಂಗಳೂರಿನ ಮಧ್ಯಭಾಗದಿಂದ ನಂದಿ ಬೆಟ್ಟದ ಕಡೆ ಹೋಗಿ ಬಂದರೆ ಹೆಚ್ಚುಕಮ್ಮಿ ಇಷ್ಟಾಗುತ್ತೆ. ಬೆಟ್ಟ ಹತ್ತೋದು ಬೇಡ, ಬುಡದಿಂದಲೇ ವಾಪಸ್ ಬನ್ನಿ. ಇದು ನಿಮ್ಮ ಟೆಸ್ಟ್ ರನ್. ನಿಲುಗಡೆ ಎಲ್ಲ ಸೇರಿ 8 ಗಂಟೆಯೊಳಗೆ ಮುಗಿಸಿದರೆ, ಅಂದರೆ ಒಟ್ಟು ಸರಾಸರಿ ಗಂಟೆಗೆ 15 ಕಿ.ಮೀ. ಬಂದರೆ, ನೀವು 200ಕ್ಕೆ ಹೋಗಬಹುದು. ಬರದಿದ್ದರೆ ಮುಂದಿನ ತಿಂಗಳ ದಿನಾಂಕ ನೋಡಿ.

ಮೂರನೇ ವಾರಾಂತ್ಯ ಬರೀ 60 ಕಿ.ಮೀ., ನಿಧಾನವಾಗಿ. ಆದರೆ ಸವಾರಿಯ ದಿನ ಏನೇನು ಹಾಕಿಕೊಳ್ತೀರೋ, ಹೊರ್ತೀರೋ, ತಿಂತೀರೋ, ಎಲ್ಲ ಹಾಗೇ ಇರಬೇಕು. ಲೈಟು, ಬ್ಯಾಗು, ಪಂಪು ಎಲ್ಲ ಸಮೇತ.

ವಾರದ ನಡುವೆ ಎರಡು ದಿನ 45 ನಿಮಿಷದಿಂದ ಒಂದು ಗಂಟೆ ಸಾಕು. ಒಂದು ದಿನ ಸ್ವಲ್ಪ ಏರು ಇರೋ ರಸ್ತೆ, ಇನ್ನೊಂದು ದಿನ ಹಗುರವಾಗಿ. ಕೊನೆಯ ವಾರ ಅರ್ಧಕ್ಕೆ ಇಳಿಸಿ. ಆ ವಾರ ತುಳಿದಿದ್ದು ಕಾಲಿಗೆ ಬಲ ಕೊಡಲ್ಲ, ಸುಸ್ತು ಮಾತ್ರ ಕೊಡುತ್ತೆ. ಅದರ ಬದಲು ನಿದ್ದೆ ಮಾಡಿ. ಹಿಂದಿನ ರಾತ್ರಿ ಗಾಬರಿಗೆ ನಿದ್ದೆ ಬರದೇ ಇರೋದು ಮಾಮೂಲು. ಅದಕ್ಕೆ ಅದರ ಹಿಂದಿನ ಎರಡು ರಾತ್ರಿಯ ನಿದ್ದೆ ಮುಖ್ಯ. ಆ ವಾರ ಆನ್‌ಕಾಲ್ ಡ್ಯೂಟಿ ಇದ್ದರೆ ಈಗಲೇ ಯಾರ ಜೊತೆಗಾದರೂ ಅದಲುಬದಲು ಮಾಡಿಕೊಳ್ಳಿ.

ಸಮಯ ಇದ್ದವರು ದೂರವನ್ನು ಇದಕ್ಕಿಂತ ನಿಧಾನವಾಗಿ ಏರಿಸಬೇಕು. 50ರಿಂದ 120ಕ್ಕೆ ಎರಡು ವಾರದಲ್ಲಿ ಹೋಗೋದು ಅವಸರದ ದಾರಿ. ಹಾಗಾಗಿ ಅದನ್ನು ಮಾತಾಡಿಕೊಂಡು ಹೋಗೋ ವೇಗದಲ್ಲಿ ಮಾತ್ರ ಮಾಡಿ. ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡೋಕೆ ಆಗದಷ್ಟು ಏದುಸಿರು ಬಂದರೆ ನೀವು ಜೋರಾಗಿ ಹೋಗ್ತಿದ್ದೀರಿ ಅಂತ ಅರ್ಥ.

ಸೈಕಲ್ಲಿಗೆ ಒಂದು ಸಂಜೆ

ಹೊಸ ಸೈಕಲ್ ಬೇಕಿಲ್ಲ. ಗೇರ್ ಇರೋ ಹೈಬ್ರಿಡ್ ಸೈಕಲ್ಲಿನಲ್ಲಿ 200 ಮುಗಿಸಿದವರು ಬೇಕಾದಷ್ಟಿದ್ದಾರೆ. ಮೂರು ವಾರ ಇರುವಾಗ ಹೊಸ ಸೈಕಲ್ ತಗೊಂಡರೆ ಹೊಸ ನೋವುಗಳೂ ಜೊತೆಗೆ ಬರ್ತವೆ.

ಸೀಟಿನ ಎತ್ತರ ಮೊದಲು ನೋಡಿ. ಪೆಡಲ್ ಪೂರ್ತಿ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರ ಆಗಬೇಕು. ಆಮೇಲೆ ಪಾದದ ಮುಂಭಾಗ ಇಟ್ಟು ತುಳಿದಾಗ ಮಂಡಿ ಸ್ವಲ್ಪ ಬಾಗಿರುತ್ತೆ. ಮಂಡಿಯ ಮುಂಭಾಗ ನೋಯುತ್ತಿದ್ದರೆ ಬಹಳ ಸಲ ಸೀಟು ತಗ್ಗಾಗಿರುತ್ತೆ. ಒಂದೇ ಸಲ ಏರಿಸಬೇಡಿ, ಕೆಲವು ಮಿಲಿಮೀಟರ್ ಏರಿಸಿ ಒಂದು ಸವಾರಿ ಹೋಗಿ ನೋಡಿ.

ಪ್ಯಾಡ್ ಇರೋ ಸೈಕ್ಲಿಂಗ್ ಚಡ್ಡಿ ತಗೊಳ್ಳಿ, ಅದರೊಳಗೆ ಒಳಚಡ್ಡಿ ಬೇಡ. ಒಳಚಡ್ಡಿಯ ಹೊಲಿಗೆಯೇ ಚರ್ಮ ಉಜ್ಜೋದು. ತೊಡೆ ಉಜ್ಜೋ ಕಡೆ ವ್ಯಾಸಲೀನ್ ಹಚ್ಚಿ. ನಾಚಿಕೆ ಪಟ್ಟುಕೊಂಡರೆ 130ನೇ ಕಿಲೋಮೀಟರಿನಲ್ಲಿ ಅಳು ಬರುತ್ತೆ.

ಬ್ರೇಕ್ ಪ್ಯಾಡ್, ಚೈನು, ಟಯರುಗಳನ್ನು ಹತ್ತು ದಿನ ಮೊದಲೇ ತೋರಿಸಿ. ಹಿಂದಿನ ದಿನ ಸರ್ವೀಸಿಗೆ ಬಿಟ್ಟರೆ ತೊಂದರೆ ಕಾಣೋದು ರಸ್ತೆಯಲ್ಲೇ. ಜೊತೆಗೆ ಎರಡು ಹೊಸ ಟ್ಯೂಬು, ಟಯರ್ ತೆಗೆಯೋ ಪ್ಲಾಸ್ಟಿಕ್ ಲಿವರ್, ಪ್ಯಾಚ್, ಪಂಪು, ಅಲೆನ್ ಕೀಗಳ ಸೆಟ್ಟು ಇರಲಿ. ಮನೆಯಲ್ಲಿ ಹಿಂದಿನ ಚಕ್ರ ಬಿಚ್ಚಿ ಟ್ಯೂಬು ಬದಲಿಸೋದನ್ನು ಮೂರು ಸಲ ಮಾಡಿ. ನನ್ನ ಗೆಳೆಯನಿಗೆ ಮೊದಲ ಸಲ 35 ನಿಮಿಷ ಬೇಕಾಯಿತು, ಮೂರನೇ ಸಲ 14. ಇಲ್ಲಿ ಉಳಿದ 21 ನಿಮಿಷವನ್ನು ಮೇಲಿನ ಲೆಕ್ಕಕ್ಕೆ ಸೇರಿಸಿ ನೋಡಿ.

ಹೊಟ್ಟೆಯ ಲೆಕ್ಕ

ದೂರದ ಸವಾರಿಯಲ್ಲಿ ಹೊಸಬರಲ್ಲಿ ಕಾಲಿಗಿಂತ ಮೊದಲು ಕೈಕೊಡೋದು ಹೊಟ್ಟೆ. ನಮ್ಮ ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಪಿಷ್ಟದ ದಾಸ್ತಾನು ದಿನವಿಡೀ ತುಳಿಯೋಕೆ ಸಾಲಲ್ಲ. ಅದು ಖಾಲಿಯಾದಾಗ ಕಣ್ಣು ಮಂಕಾಗಿ, ಕೈ ನಡುಗಿ, ಯಾಕಾದರೂ ಬಂದೆನೋ ಅನ್ನಿಸುತ್ತೆ. ಅದಕ್ಕೇ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಹೋಗ್ತಾ ಇರಬೇಕು. ಒಂದು ದೊಡ್ಡ ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತೆ. ಏಲಕ್ಕಿ ಬಾಳೆ ಆದರೆ ಎರಡು ಬೇಕು. ಕಡಲೆಕಾಯಿ ಮಿಠಾಯಿ, ಖರ್ಜೂರ, ಬೇಯಿಸಿದ ಆಲೂಗಡ್ಡೆಗೆ ಉಪ್ಪು ಹಾಕಿದ್ದು, ಎಲ್ಲ ಆಗುತ್ತೆ. ದುಬಾರಿ ಜೆಲ್ ಕಡ್ಡಾಯ ಅಲ್ಲ.

ಹಸಿವಾದಾಗ ತಿನ್ನೋಣ ಅಂತ ಕಾಯಬೇಡಿ. ಫೋನಿನಲ್ಲಿ 30 ನಿಮಿಷಕ್ಕೊಂದು ಅಲಾರಂ ಇಡಿ. ಬೆಲ್ ಹೊಡೆದಾಗ ಎರಡು ತುತ್ತು. ಬೆಳಗಿನ ತಿಂಡಿಗೆ ಇಡ್ಲಿ, ಮಧ್ಯಾಹ್ನಕ್ಕೆ ಮೊಸರನ್ನ, ಇವೆರಡನ್ನು ನಂಬಿದವರಿಗೆ ಹೊಟ್ಟೆ ಕೈಕೊಟ್ಟಿದ್ದು ನಾನು ಕಂಡಿದ್ದು ಕಡಿಮೆ. ಬೆಣ್ಣೆ ಮಸಾಲೆ ದೋಸೆ, ಬಿರಿಯಾನಿಯನ್ನು ಸವಾರಿ ಮುಗಿದ ಮೇಲಕ್ಕೆ ಇಟ್ಟುಕೊಳ್ಳಿ.

ನೀರು ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್, ಬಿಸಿಲು ನೋಡಿಕೊಂಡು. ಒಂದು ಬಾಟಲಿ ಬರೀ ನೀರು, ಇನ್ನೊಂದು ಓಆರ್‌ಎಸ್. ಮೆಡಿಕಲ್ ಶಾಪಿನಲ್ಲಿ ಸಿಗೋ ಪ್ಯಾಕೆಟ್ಟಿನ ಮೇಲೆ ಎಷ್ಟು ನೀರಿಗೆ ಅಂತ ಬರೆದಿರುತ್ತೆ, ಅಷ್ಟಕ್ಕೇ ಹಾಕಿ. ದೊಡ್ಡ ಪ್ಯಾಕೆಟ್ ಸಾಮಾನ್ಯವಾಗಿ ಒಂದು ಲೀಟರಿಗೆ. ಉಪ್ಪಿಲ್ಲದ ನೀರನ್ನೇ ಬಾಯಾರಿಕೆ ಇಲ್ಲದಿದ್ದರೂ ಲೀಟರುಗಟ್ಟಲೆ ಕುಡಿಯೋದೂ ಅಪಾಯ. ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಕರಿಕೆ, ಗೊಂದಲ ಶುರುವಾಗಬಹುದು. ನೋವಿನ ಮಾತ್ರೆಯನ್ನು ಮುಂಜಾಗ್ರತೆಗೆ ಅಂತ ನುಂಗಬೇಡಿ. ದೇಹದಲ್ಲಿ ನೀರು ಕಡಿಮೆ ಇರುವಾಗ ಐಬುಪ್ರೊಫೆನ್ ಥರದ ಮಾತ್ರೆಗಳು ಕಿಡ್ನಿಗೆ ಭಾರ.

ಮನೆಯವರ ಜೊತೆ ಮಾತು

ಗೆಳೆಯ ಮನೆಯಲ್ಲಿ ವಿಷಯ ಹೇಳಿದಾಗ ಅವನ ಅಮ್ಮ ಕೇಳಿದ್ದು: 'ಅಷ್ಟು ದೂರ ಬಸ್ಸಲ್ಲೇ ಹೋಗಿ ಬರಬಹುದಲ್ಲೋ?' ಅವನ ಹೆಂಡತಿ ಕೇಳಿದ್ದು ಬೇರೆ: 'ಎಷ್ಟು ಗಂಟೆಗೆ ಎಲ್ಲಿಂದ ಫೋನ್ ಮಾಡ್ತೀಯ, ಅದನ್ನ ಹೇಳು.' ಎರಡನೆಯದಕ್ಕೆ ಉತ್ತರ ಕೊಟ್ಟರೆ ಮೊದಲನೆಯದಕ್ಕೂ ಅರ್ಧ ಉತ್ತರ ಸಿಕ್ಕ ಹಾಗೆ.

ಪ್ರತಿ ಕಂಟ್ರೋಲಿನ ಜಾಗ, ಅಲ್ಲಿಗೆ ತಲುಪೋ ಅಂದಾಜು ಸಮಯ ಬರೆದು ಮನೆಯಲ್ಲಿ ಕೊಡಿ. ಫೋನಿನ ಲೈವ್ ಲೊಕೇಶನ್ ಹಂಚಿಕೊಳ್ಳಿ, ಪವರ್ ಬ್ಯಾಂಕ್ ಮರೀಬೇಡಿ. ರಕ್ತದ ಗುಂಪು, ಮನೆಯ ಫೋನ್ ನಂಬರ್ ಬರೆದ ಚೀಟಿ ಜೇಬಿನಲ್ಲಿರಲಿ. ತುರ್ತು ಸಹಾಯಕ್ಕೆ 112 ನೆನಪಿರಲಿ. ಸವಾರಿ ಮುಗಿಸಿ ನೀವೇ ಕಾರು ಅಥವಾ ಬೈಕು ಓಡಿಸಿಕೊಂಡು ಬರೋದು ಬೇಡ. 13 ಗಂಟೆ ಬಿಸಿಲುಂಡ ಕಣ್ಣು ಸ್ಟೀರಿಂಗ್ ಹಿಂದೆ ಮುಚ್ಚಿಕೊಳ್ಳುತ್ತೆ. ಯಾರಾದರೂ ಬಂದು ಕರೆದುಕೊಂಡು ಹೋಗಲಿ, ಇಲ್ಲವೇ ಕ್ಯಾಬ್ ಹೇಳಿ.

ರಸ್ತೆಯ ಬಗ್ಗೆ ಒಂದೆರಡು ಮಾತು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋಗಳ ಜೊತೆ ಮೋಟಾರಿಲ್ಲದ ವಾಹನಗಳಿಗೂ ನಿಷೇಧ ಇದೆ. ಪ್ರಾಕ್ಟೀಸಿಗೆ ಆ ಕಡೆ ಹೋದರೆ ಸರ್ವೀಸ್ ರೋಡೇ ಗತಿ. ಕಬ್ಬಿನ ಸೀಸನ್ನಿನಲ್ಲಿ ಹಿಂದಿನ ಲೈಟಿಲ್ಲದ ಟ್ರ್ಯಾಕ್ಟರುಗಳು ಮುಸ್ಸಂಜೆಯಲ್ಲಿ ಕಾಣಲ್ಲ. ಸವಾರಿ ಬೆಳಿಗ್ಗೆ 6ಕ್ಕೆ ಶುರುವಾದರೆ ಕೊನೆಯ ಗಡುವು ಸಂಜೆ 7.30. ಅಷ್ಟರಲ್ಲಿ ಕತ್ತಲಾಗಿರುತ್ತೆ. ಹೆಲ್ಮೆಟ್, ಮುಂದೆ ಹಿಂದೆ ಎರಡೆರಡು ಲೈಟು, ಬೆಳಕಿಗೆ ಹೊಳೆಯೋ ಜಾಕೆಟ್ಟು, ಇವು 'ಇದ್ದರೆ ಒಳ್ಳೇದು' ಅನ್ನೋ ಪಟ್ಟಿಯಲ್ಲಿ ಬರೋದಲ್ಲ. ಹಳ್ಳಿಯ ನಾಯಿ ಅಟ್ಟಿಸಿಕೊಂಡು ಬಂದರೆ ವೇಗ ಹೆಚ್ಚಿಸೋದಕ್ಕಿಂತ ಇಳಿದು, ಸೈಕಲ್ಲನ್ನು ನಡುವೆ ಇಟ್ಟುಕೊಂಡು ನಡೆಯೋದು ವಾಸಿ.

ಆ ದಿನ

ಮೊದಲ ಒಂದು ಗಂಟೆ ಎಲ್ಲರೂ ನಿಮ್ಮನ್ನು ದಾಟಿ ಹೋಗ್ತಾರೆ. ಹೋಗಲಿ ಬಿಡಿ. ಗಾಳಿಯನ್ನು ಸೀಳೋಕೆ ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತೆ. 20ರ ಬದಲು 25ರ ವೇಗದಲ್ಲಿ ಹೋದರೆ ಅದಕ್ಕೆ ಹತ್ತಿರ ಹತ್ತಿರ ಎರಡು ಪಟ್ಟು ಶಕ್ತಿ ಬೇಕು. ಬೆಳಿಗ್ಗೆ ಮಾಡಿದ ಆ ಸಾಲವನ್ನು ಮಧ್ಯಾಹ್ನ ಎರಡು ಗಂಟೆಗೆ, ಎದುರುಗಾಳಿಯಲ್ಲಿ ತೀರಿಸಬೇಕಾಗುತ್ತೆ.

200 ಕಿ.ಮೀ. ಅಂತ ಯೋಚಿಸಬೇಡಿ, ಮುಂದಿನ ಕಂಟ್ರೋಲ್ ಅಂತ ಮಾತ್ರ ಯೋಚಿಸಿ. 100ನೇ ಕಿ.ಮೀ.ನಲ್ಲಿರೋ ಕಂಟ್ರೋಲ್ 6 ಗಂಟೆ 40 ನಿಮಿಷಕ್ಕೆ ಮುಚ್ಚುತ್ತೆ. 6ಕ್ಕೆ ಹೊರಟವರಿಗೆ ಅದು 12.40. ಅಲ್ಲಿಗೆ 12ರೊಳಗೆ ತಲುಪಿದರೆ ಮಧ್ಯಾಹ್ನದ ಬಿಸಿಲಿಗೆ, ಒಂದು ಪಂಕ್ಚರಿಗೆ ಜಾಗ ಇರುತ್ತೆ. ನಿಂತಾಗಲೆಲ್ಲ ಮಾಡೋ ಕೆಲಸಕ್ಕೆ ಒಂದು ಕ್ರಮ ಇರಲಿ: ಮುದ್ರೆ, ನೀರು, ಶೌಚ, ಆಮೇಲೆ ತಿಂಡಿ. ತಿಂಡಿಯನ್ನು ಕೈಯಲ್ಲಿ ಹಿಡಿದು ನಿಂತೇ ತಿಂದರೆ ಇನ್ನೂ ಒಳ್ಳೇದು, ಕೂತರೆ ಏಳೋಕೆ ಮನಸ್ಸು ಬರಲ್ಲ.

ನನ್ನ ಗೆಳೆಯ 12 ಗಂಟೆ 40 ನಿಮಿಷಕ್ಕೆ ಮುಗಿಸಿದ. ಅವನ ಸೈಕಲ್ ಕಂಪ್ಯೂಟರ್ ಪ್ರಕಾರ ಚಲಿಸಿದ ಸಮಯ 10 ಗಂಟೆ 42 ನಿಮಿಷ, ನಿಂತಿದ್ದು ಏಳು ಸಲ, ಒಟ್ಟು 118 ನಿಮಿಷ. ಚಲಿಸುವಾಗಿನ ಸರಾಸರಿ 18.7. ಮೂರು ವಾರದ ಹಿಂದೆ ಅವನ ಭಾನುವಾರದ ಸವಾರಿಯ ಸರಾಸರಿಯೂ ಹೆಚ್ಚುಕಮ್ಮಿ ಅಷ್ಟೇ ಇತ್ತು.

ಬಿಟ್ಟು ಬರೋದು

ಹೊರಡೋ ಮೊದಲೇ, ತಲೆ ನೆಟ್ಟಗಿರುವಾಗಲೇ, ಯಾವಾಗ ನಿಲ್ಲಿಸ್ತೀರಿ ಅಂತ ಬರೆದಿಟ್ಟುಕೊಳ್ಳಿ. ನಾನು ಫೋನಿನಲ್ಲಿ ಬರೆದಿಟ್ಟುಕೊಂಡಿರೋ ಪಟ್ಟಿ ಇದು: ಎದೆನೋವು ಅಥವಾ ತಲೆಸುತ್ತು ಬಂದರೆ ತಕ್ಷಣ. ಬಿಸಿಲಲ್ಲಿ ಬೆವರು ನಿಂತು ಚಳಿ ಆದ ಹಾಗಾದರೆ ತಕ್ಷಣ. ಮಂಡಿನೋವು ತುಳಿಯುವ ರೀತಿಯನ್ನೇ ಬದಲಿಸುವಷ್ಟು ಹೆಚ್ಚಾದರೆ ಮುಂದಿನ ಕಂಟ್ರೋಲಿನಲ್ಲಿ. ರಸ್ತೆಯಲ್ಲಿ ಕಣ್ಣು ಎಳೆದರೆ ಮರದ ಕೆಳಗೆ 15 ನಿಮಿಷ ನಿದ್ದೆ, ಆಮೇಲೂ ಎಳೆದರೆ ಅಲ್ಲಿಗೆ ಮುಗಿಯಿತು. ಗಡುವು ತಪ್ಪುತ್ತೆ ಅಂತ ಗೊತ್ತಾದ ಮೇಲೆ ಕತ್ತಲಲ್ಲಿ ಲಾರಿಗಳ ನಡುವೆ ನುಗ್ಗೋದಿಲ್ಲ.

ಬಿಟ್ಟರೆ ಸಂಘಟಕರಿಗೆ ಫೋನ್ ಮಾಡಿ ತಿಳಿಸಿ, ಇಲ್ಲದಿದ್ದರೆ ಅವರು ನಿಮ್ಮನ್ನು ಹುಡುಕ್ತಾ ಇರ್ತಾರೆ. ಮನೆಗೂ ಹೇಳಿ. ಈ ಸಲ ಆಗದಿದ್ದರೆ ಕ್ಯಾಲೆಂಡರಿನಲ್ಲಿ ಇನ್ನೊಂದು 200 ಇದ್ದೇ ಇರುತ್ತೆ, ಆಗ ನಿಮ್ಮ ಕೈಯಲ್ಲಿ ಮೂರು ವಾರಕ್ಕಿಂತ ಹೆಚ್ಚು ಸಮಯವೂ ಇರುತ್ತೆ.

ಮುಗಿಸಿ ಬಂದವರಿಗೆ ಒಂದು ಸೂಚನೆ. ಕಾಲುನೋವು ಜೋರಾಗೋದು ಅದೇ ರಾತ್ರಿ ಅಲ್ಲ, ಒಂದೆರಡು ದಿನ ಬಿಟ್ಟು. ಶನಿವಾರದ ಸವಾರಿ ಆದರೆ ಸೋಮವಾರ ವರ್ಕ್ ಫ್ರಮ್ ಹೋಮ್ ಕೇಳಿಟ್ಟುಕೊಳ್ಳಿ. ಒಂದು ವಾರ ಸೈಕಲ್ಲನ್ನು ಹಗುರವಾಗಿ ಮಾತ್ರ ತುಳಿಯಿರಿ. ಮುಖ್ಯವಾಗಿ, ಆ ವಾರ ರಾತ್ರಿ ಹನ್ನೊಂದು ಗಂಟೆಗೆ 300 ಕಿ.ಮೀ.ನ ಲಿಂಕ್ ಯಾರಾದರೂ ಕಳಿಸಿದರೆ, ಬೆಳಿಗ್ಗೆ ತನಕ ತೆರೆಯಬೇಡಿ.